3 ಕೆಜಿ ಲಿಥಿಯಂ ಹಾಕಲೇ, 7 ಕೆಜಿ ಎಜಿಎಂ ಹಾಕಲೇ?

ಪ್ರಶ್ನೆ: ನನ್ನದು 2 ಲೀಟರ್ ಪೆಟ್ರೋಲ್ ಎಂಜಿನ್‌ನ ಹಳೇ ಕಾರು. ಟ್ರ್ಯಾಕ್‌ನಲ್ಲಿ ಓಡಿಸಲೆಂದು ಹಿಂದಿನ ಸೀಟು, ಎಸಿ, ಕಾರ್ಪೆಟ್, ಸ್ಪೀಕರ್ ಎಲ್ಲ ಕಿತ್ತು ಹಾಕಿದ್ದೇನೆ. ಆಗಾಗ ರಸ್ತೆಗೂ ಇಳಿಸುತ್ತೇನೆ. ಕೆಲವು ಸಲ ಎರಡು ಮೂರು ವಾರ ಸುಮ್ನೆ ನಿಂತಿರುತ್ತದೆ. ಈಗಿರುವ ಬ್ಯಾಟರಿ 15 ಕೆಜಿ. ಅದರ ಬದಲು 3 ಕೆಜಿಯ ಲಿಥಿಯಂ ಬ್ಯಾಟರಿ ನೋಡಿದ್ದೇನೆ, ‘40 ಆಂಪಿಯರ್-ಅವರ್‌ಗೆ ಸಮ’ ಎಂದು ಬರೆದಿದೆ. 7 ಕೆಜಿಯ ಎಜಿಎಂ ಕೂಡ ಸಿಗುತ್ತದೆ. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಕಾರಿಗೆ 7 ಕೆಜಿಯ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಲೆಡ್ ಆಸಿಡ್ ಬ್ಯಾಟರಿ) ಹಾಕಿ. 15ರಿಂದ 7ಕ್ಕೆ ಇಳಿದರೆ 8 ಕೆಜಿ ಉಳಿಯಿತು, ಅದೂ ಹೆಚ್ಚಿನ ತಲೆನೋವಿಲ್ಲದೆ. ಅಲ್ಲಿಂದ 3ಕ್ಕೆ ಇಳಿಯುವ ಕೊನೆಯ 4 ಕೆಜಿಯ ಜೊತೆಗೇ ತೊಂದರೆಗಳೆಲ್ಲ ಶುರುವಾಗುತ್ತವೆ.

ಮೊದಲು ಆ ‘ಸಮ’ ಎಂಬ ಲೆಕ್ಕ ನೋಡೋಣ. ಆಂಪಿಯರ್-ಅವರ್ ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ತುಂಬಿಡಬಹುದು ಎಂಬ ಅಳತೆ. ಲಿಥಿಯಂ ಬ್ಯಾಟರಿ ತನ್ನ ಗಾತ್ರಕ್ಕೆ ಹೋಲಿಸಿದರೆ ಎಂಜಿನ್ ತಿರುಗಿಸಲು ತುಂಬಾ ಜೋರಾಗಿ ಕರೆಂಟ್ ಕೊಡುತ್ತದೆ. ಹಾಗಾಗಿ ಇಷ್ಟು ದೊಡ್ಡ ಲೆಡ್ ಆಸಿಡ್ ಬ್ಯಾಟರಿಯ ಜಾಗದಲ್ಲಿ ಇದು ಸಾಕು ಎಂದು ತಯಾರಕರು ಒಂದು ಅಂಕಿ ಬರೆಯುತ್ತಾರೆ. ಒಳಗೆ ನಿಜವಾಗಿ ತುಂಬಿರುವುದು ಅದರ ಮೂರನೇ ಒಂದು ಭಾಗ ಮಾತ್ರ ಇರಬಹುದು. ಲೇಬಲ್ ಮೇಲೆ ವ್ಯಾಟ್-ಅವರ್ ಎಷ್ಟು ಎಂದು ಹುಡುಕಿ, ಅದನ್ನು ಬ್ಯಾಟರಿಯ ವೋಲ್ಟೇಜ್ ಆದ 12.8ರಿಂದ ಭಾಗಿಸಿ. 170 ವ್ಯಾಟ್-ಅವರ್ ಇದ್ದರೆ ನಿಮಗೆ ಸಿಗುವುದು ಸುಮಾರು 13 ಆಂಪಿಯರ್-ಅವರ್, 40 ಅಲ್ಲ.

ಸ್ಟಾರ್ಟ್ ಮಾಡಲು ಅಷ್ಟೇ ಆದರೆ 13 ಕೂಡ ಜಾಸ್ತಿಯೇ. ಸ್ಟಾರ್ಟರ್ ಮೋಟಾರ್ 150 ಆಂಪಿಯರ್‌ನಂತೆ 3 ಸೆಕೆಂಡ್ ಎಳೆದರೂ ಖರ್ಚಾಗುವುದು 0.125 ಆಂಪಿಯರ್-ಅವರ್. ಕಷ್ಟ ಬರುವುದು ಕಾರು ನಿಂತಾಗ. ಅಲಾರಂ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇವೆಲ್ಲ ಸೇರಿ 50 ಮಿಲಿ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಯಿತು. 13ರ ಬ್ಯಾಟರಿ 11 ದಿನಕ್ಕೆ ಖಾಲಿ. ಚಿಕ್ಕ ಎಜಿಎಂನ ಕಥೆಯೂ ಇದಕ್ಕಿಂತ ಬಹಳ ಬೇರೆ ಇಲ್ಲ. ಆದ್ದರಿಂದ ಯಾವುದನ್ನೇ ತಗೊಳ್ಳಿ, ಮೊದಲು ಒಂದು ಕಟ್-ಆಫ್ ಸ್ವಿಚ್ ಹಾಕಿಸಿ. ಕಾರು ನಿಲ್ಲಿಸಿದಾಗ ಬ್ಯಾಟರಿಯ ಸಂಪರ್ಕ ಪೂರ್ತಿ ತಪ್ಪಿಸಿ.

ಇನ್ನೊಂದು, ಓಡುತ್ತಿರುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೈಕೊಟ್ಟರೆ? ಫ್ಯುಯೆಲ್ ಪಂಪ್, ಇಗ್ನಿಷನ್, ರೇಡಿಯೇಟರ್ ಫ್ಯಾನ್ ಸೇರಿ 25 ಆಂಪಿಯರ್ ಎಳೆದರೆ 13ರ ಬ್ಯಾಟರಿಗೆ ಅರ್ಧ ಗಂಟೆ ಆಯುಸ್ಸು. ರಸ್ತೆಗೂ ಇಳಿಸುವ ಕಾರಿಗೆ ಇದು ಕಡಿಮೆಯೇ.

ಎಜಿಎಂನ ಸಿಸಿಎ ಅಂಕಿ, ಅಂದರೆ ಚಳಿಯಲ್ಲಿ ಎಂಜಿನ್ ತಿರುಗಿಸಲು ಎಷ್ಟು ಆಂಪಿಯರ್ ಕೊಡುತ್ತದೆ ಎಂಬ ಅಂಕಿ, ನೋಡಿ ಹೆದರಬೇಡಿ. ರೇಸ್ ಕಾರುಗಳಲ್ಲಿ ಜನಪ್ರಿಯವಾದ ಒಡಿಸ್ಸಿ ಪಿಸಿ680 ಸುಮಾರು 7 ಕೆಜಿ, ಅದರ ಸಿಸಿಎ ಬರೀ 170. ಸಿಸಿಎ ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ, ಒಂದೇ ಸಮನೆ 30 ಸೆಕೆಂಡ್ ಕರೆಂಟ್ ಎಳೆದು. ಬೆಚ್ಚಗಿನ ಹವೆಯಲ್ಲಿ ಐದು ಸೆಕೆಂಡ್ ಮಟ್ಟಿಗೆ ಅದೇ ಬ್ಯಾಟರಿ ಇದರ ಮೂರು ಪಟ್ಟು ಕೊಡುತ್ತದೆ. ಆರೋಗ್ಯವಾಗಿರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗೆ ಅಷ್ಟು ಸಾಕು.

ಲಿಥಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಫೋನ್‌ಗಳಲ್ಲಿರುವ ಬಗೆಯ ಸೆಲ್‌ಗಳಿಗಿಂತ ಬಿಸಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಕಾರಿಗೆ ಹಾಕುವುದಾದರೆ ಆ ಬಗೆಯದ್ದನ್ನೇ ತಗೊಳ್ಳಿ. ಆದರೆ ಅವಕ್ಕೂ ಶರತ್ತುಗಳಿವೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ. 2010ರ ಹೊತ್ತಿಗೆ ಪೋರ್ಶ ಕಂಪನಿ ತನ್ನ 911 ಜಿಟಿ3 ಕಾರಿಗೆ 6 ಕೆಜಿಗಿಂತ ಹಗುರವಾದ ಲಿಥಿಯಂ ಬ್ಯಾಟರಿ ಕೊಡಲು ಶುರು ಮಾಡಿದಾಗ, ಚಳಿಗಾಲಕ್ಕೆಂದು ಮಾಮೂಲಿ ಬ್ಯಾಟರಿಯನ್ನೂ ಜೊತೆಗೆ ಕೊಡುತ್ತಿತ್ತು. ಎಕ್ಸಾಸ್ಟ್ ಪಕ್ಕದ ಶಾಖವೂ ಆಗದು. 60 ಡಿಗ್ರಿ ದಾಟುವ ಜಾಗದಲ್ಲಿ ಇಡಬಾರದು.

ಹಳೇ ಕಾರಿನಲ್ಲಿ ನನಗೆ ಹೆಚ್ಚು ಚಿಂತೆ ಆಲ್ಟರ್ನೇಟರ್‌ನದ್ದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು ನೋಡಿ. 14ರಿಂದ 14.6 ವೋಲ್ಟ್ ಬಂದರೆ ಸರಿ. ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟು 15 ದಾಟುತ್ತಿದ್ದರೆ ಲಿಥಿಯಂ ಬೇಡವೇ ಬೇಡ. ಯಾಕೆಂದರೆ ಒಳಗಿರುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ತನ್ನ ಸೆಲ್‌ಗಳನ್ನು ಉಳಿಸಿಕೊಳ್ಳಲು ಸಂಪರ್ಕ ಕಡಿದುಬಿಡಬಹುದು. ಎಂಜಿನ್ ಜೋರಾಗಿ ಓಡುತ್ತಿರುವಾಗ ಬ್ಯಾಟರಿ ಹೀಗೆ ದಿಢೀರ್ ಅಂತ ಕಳಚಿಕೊಂಡರೆ ಆಲ್ಟರ್ನೇಟರ್‌ನ ವೋಲ್ಟೇಜ್ ಚಿಮ್ಮುತ್ತದೆ, ಇಸಿಯು ಸುಟ್ಟುಹೋಗಬಹುದು. ಹಾಗಂತ ಬಿಎಂಎಸ್ ಇಲ್ಲದ ಅಗ್ಗದ ಬ್ಯಾಟರಿ ತರಬೇಡಿ, ಅದು ಇನ್ನೂ ಅಪಾಯ.

ಮುಂದೆ ಈ ಕಾರನ್ನು ಬರೀ ಟ್ರ್ಯಾಕ್‌ಗೆ ಮೀಸಲಿಟ್ಟರೆ, ಚಾರ್ಜಿಂಗ್ ವೋಲ್ಟೇಜ್ ಸರಿ ಇದ್ದರೆ, ಆಗ ಲಿಥಿಯಂ ಹಾಕಿ. ಆಗಲೂ 3 ಕೆಜಿಯದ್ದಲ್ಲ, 5 ಕೆಜಿ ಆಸುಪಾಸಿನದ್ದು. ಚಾರ್ಜರ್ ಕೂಡ ಲಿಥಿಯಂಗೆ ಮಾಡಿದ್ದೇ ಆಗಬೇಕು.

ಪ್ರಶ್ನೆ: ಹಗುರ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆ ಬ್ಯಾಲೆನ್ಸ್ ಇನ್ನೂ ಸುಧಾರಿಸುತ್ತದಾ?

ಉತ್ತರ: 15 ಕೆಜಿಯದ್ದಾಗಿದ್ದರೆ ಹೌದು ಅನ್ನುತ್ತಿದ್ದೆ. ಹಗುರ ಬ್ಯಾಟರಿಗೆ ಆ ಶ್ರಮ ಬೇಡ. ಹಿಂದಿನಿಂದ ಮುಂದಕ್ಕೆ 4 ಮೀಟರ್ ದಪ್ಪ ತಾಮ್ರದ ಕೇಬಲ್ ಎಳೆಯಬೇಕು, ಅದೇ ಒಂದೂವರೆ ಎರಡು ಕೆಜಿ ತೂಗುತ್ತದೆ. ಮುಂದೆಯೇ ಇರಲಿ, ಸಾಧ್ಯವಾದರೆ ಸ್ವಲ್ಪ ಕೆಳಗೆ, ಎಂಜಿನ್ ಹಿಂದಿನ ಗೋಡೆಯ ಕಡೆಗೆ ಸರಿಸಿ. ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗಿಯಿರಿ, ಪ್ಲಾಸ್ಟಿಕ್ ಟೈ ನೆಚ್ಚಿಕೊಳ್ಳಬೇಡಿ. ಜೋರಾಗಿ ಗುದ್ದಿದಾಗ 20 ಜಿ (ಗುರುತ್ವದ 20 ಪಟ್ಟು) ಬಿದ್ದರೆ 7 ಕೆಜಿಯ ಬ್ಯಾಟರಿ 140 ಕೆಜಿಯಷ್ಟು ಜಗ್ಗುತ್ತದೆ. ಪಾಸಿಟಿವ್ ಟರ್ಮಿನಲ್‌ಗೆ ರಬ್ಬರ್ ಮುಚ್ಚಳ ತಪ್ಪದೇ ಹಾಕಿ. ಟರ್ಮಿನಲ್ ಬಾನೆಟ್‌ಗೆ ತಾಗಿದರೆ ಕಿಡಿ ಏಳುವುದು ಪೆಟ್ರೋಲ್ ಪೈಪ್‌ಗಳ ಪಕ್ಕದಲ್ಲೇ.