ಎಕ್ಸೋಮ್ ನಾರ್ಮಲ್ ಬಂದಿದೆ, ಇನ್ನೂ ಮಿಥೈಲೇಷನ್ ಟೆಸ್ಟ್ ಬೇಕಾ?

ಎಕ್ಸೋಮ್ (ಜೀನ್‌ಗಳಲ್ಲಿ ಪ್ರೋಟೀನ್ ಮಾಡಿಸುವ ಭಾಗಗಳನ್ನು ಓದುವ ಟೆಸ್ಟ್) ನಾರ್ಮಲ್ ಬಂದ ಮಾತ್ರಕ್ಕೆ ಫ್ರಜೈಲ್ ಎಕ್ಸ್ (ಕಲಿಕೆ, ಮಾತಿಗೆ ತೊಂದರೆ ಕೊಡುವ, ವಂಶದಲ್ಲಿ ಬರುವ ಕಾಯಿಲೆ) ಇಲ್ಲ ಅಂತಲ್ಲ. ಮಗನಿಗೆ ಆಟಿಸಂ, ಮಾತು ತಡ, ಜೊತೆಗೆ ನಿಮ್ಮ ತಮ್ಮನಿಗೂ ಕಲಿಕೆಯ ತೊಂದರೆ ಅಂದಿದ್ದೀರಿ, ಹಾಗಾಗಿ ನನಗೆ ಮೊದಲ ಅನುಮಾನ ಅದರ ಮೇಲೆಯೇ. ನಮ್ಮ ಮನೆಯಲ್ಲೂ ಎಕ್ಸೋಮ್‌ನಲ್ಲಿ ಸಿಗದೆ ಆಮೇಲೆ ಫ್ರಜೈಲ್ ಎಕ್ಸ್ ಟೆಸ್ಟ್‌ನಲ್ಲಿ ಸಿಕ್ಕಿತು.

ಫ್ರಜೈಲ್ ಎಕ್ಸ್‌ಗೆ ಕಾರಣವಾಗುವ ಎಫ್‌ಎಂಆರ್1 ಜೀನ್‌ನ ಶುರುವಿನಲ್ಲಿ ಸಿಜಿಜಿ ಅನ್ನುವ ಮೂರು ಡಿಎನ್‌ಎ ಅಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತವೆ. 44 ಸಲದ ತನಕ ನಾರ್ಮಲ್, 55ರಿಂದ 200 ಪ್ರಿಮ್ಯುಟೇಷನ್ (ಮುಂದಿನ ತಲೆಮಾರಿನಲ್ಲಿ ಇನ್ನೂ ಉದ್ದ ಆಗಬಹುದಾದ ಹಂತ), 200 ದಾಟಿದರೆ ಸಾಮಾನ್ಯವಾಗಿ ಅಲ್ಲೆಲ್ಲ ಮೀಥೈಲ್ ಅನ್ನುವ ರಾಸಾಯನಿಕ ಗುರುತು ಅಂಟಿಕೊಂಡು (ಇದೇ ಮಿಥೈಲೇಷನ್) ಜೀನ್ ಬಾಗಿಲು ಹಾಕಿದ ಅಂಗಡಿಯಂತೆ ಆಗುತ್ತದೆ, ಒಳಗೆ ಸಾಮಾನಿದೆ, ಪ್ರೋಟೀನ್ ಮಾತ್ರ ಹೊರಗೆ ಬರುವುದಿಲ್ಲ. ಮಾಮೂಲಿ ಎಕ್ಸೋಮ್ ಈ ಉದ್ದವನ್ನು ಅಳೆಯುವುದಿಲ್ಲ.

ಹಾಗಾಗಿ ಮೊದಲನೆಯದಾಗಿ, ಲ್ಯಾಬ್‌ನವರು ನಿಮಗೆ ಹೇಳಿದ, ಎಂಜಲಿನಲ್ಲಿ ಮಿಥೈಲೇಷನ್ ನೋಡುವ ಆ 'ಆಟಿಸಂ ಎಪಿಜೆನೆಟಿಕ್ ಪ್ಯಾನೆಲ್' ಬಿಡಿ. ಮಿಥೈಲೇಷನ್ ಅಂಗದಿಂದ ಅಂಗಕ್ಕೆ ಬೇರೆ ಇರುತ್ತದೆ, ಎಂಜಲು ನೋಡಿ ಮಿದುಳಿನಲ್ಲಿ ಏನಾಗಿದೆ ಅಂತ ಹೇಳೋಕಾಗಲ್ಲ. ಸುಮ್ನೆ ದುಡ್ಡು ದಂಡ.

ಆಮೇಲೆ ಮಕ್ಕಳ ಡಾಕ್ಟರ್ ಅಥವಾ ಜೆನೆಟಿಕ್ಸ್ ಡಾಕ್ಟರ್ ಹತ್ತಿರ ಫ್ರಜೈಲ್ ಎಕ್ಸ್ ಪಿಸಿಆರ್ (ಸಿಜಿಜಿ ಎಷ್ಟು ಸಲ ಇದೆ ಅಂತ ಅಳೆಯುವ ಟೆಸ್ಟ್) ಬರೆಸಿಕೊಳ್ಳಿ, ರಕ್ತ ಕೊಟ್ಟರೆ ಸಾಕು. ಚೀಟಿಯಲ್ಲಿ 'ಸಿಜಿಜಿ ಸಂಖ್ಯೆ, ಮಿಥೈಲೇಷನ್ ಎರಡೂ' ಅಂತ ಇರಲಿ. ಮೈಕ್ರೋಅರೇ (ಕ್ರೋಮೋಸೋಮ್‌ನ ತುಂಡು ಹೆಚ್ಚು ಕಡಿಮೆ ಇದೆಯಾ ನೋಡುವ ಟೆಸ್ಟ್) ಆಗಿಲ್ಲದಿದ್ದರೆ ಅದನ್ನೂ ಕೇಳಿ.

200 ದಾಟಿದರೆ ನೀವೂ ಟೆಸ್ಟ್ ಮಾಡಿಸಬೇಕು, ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದ ಬರುವುದು. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದಕ್ಕೂ ಮುಂಚೆ. ಇದರಲ್ಲೂ ಏನೂ ಸಿಗದೆ ಇರಬಹುದು, ಎಷ್ಟೋ ಮಕ್ಕಳಲ್ಲಿ ಕಾರಣ ಗೊತ್ತೇ ಆಗುವುದಿಲ್ಲ. ರಿಪೋರ್ಟ್ ಬರುವ ತನಕ ಸ್ಪೀಚ್ ಥೆರಪಿ ನಿಲ್ಲಿಸಬೇಡಿ.