ವಾಟ್ಸಾಪಲ್ಲಿ ಕಳಿಸಿದ ಫೋಟೋ ಯಾಕೆ ಮಸುಕಾಗುತ್ತೆ?

ಡೇಟಾ ಉಳೀಲಿ, ಬೇಗ ಹೋಗ್ಲಿ ಅಂತ ವಾಟ್ಸಾಪ್ ಕಳಿಸೋಕ್ ಮುಂಚೆನೇ ಫೋಟೋನ ಚಿಕ್ಕದು ಮಾಡಿ ಜೇಪೆಗ್ (JPEG) ಅನ್ನೋ ಫೋಟೋ ಫೈಲ್ ರೂಪಕ್ಕೆ ಕುಗ್ಗಿಸುತ್ತೆ. ನಮ್ಮ ಕಣ್ಣು ಬೆಳಕಿನ ಏರುಪೇರನ್ನ ಚೆನ್ನಾಗಿ ಹಿಡಿಯುತ್ತೆ, ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ಅದಕ್ಕೆ ಮೊದ್ಲು ಬಣ್ಣದ ವಿವರಕ್ಕೇ ಕತ್ತರಿ ಬೀಳುತ್ತೆ, ಆಮೇಲೆ ಚಿತ್ರನ 8×8 ಚುಕ್ಕಿಗಳ ಚೌಕ ಮಾಡ್ಕೊಂಡು ಒಂದೊಂದರಲ್ಲೂ ಸೂಕ್ಷ್ಮ ವಿವರ ಕೈಬಿಡುತ್ತೆ. ಮುಖ, ಆಕಾಶ ಇದ್ರೆ ಏನೂ ಅನ್ಸಲ್ಲ, ಆದ್ರೆ ಪಹಣಿ, ಮಾರ್ಕ್ಸ್ ಕಾರ್ಡ್ ಫೋಟೋ ಝೂಮ್ ಮಾಡಿ ನೋಡಿ, ಅಕ್ಷರದ ಸುತ್ತ ಧೂಳು ಕೂತಂಗೆ ಕಾಣುತ್ತೆ, ಒತ್ತಕ್ಷರ ಅಂತೂ ಓದೋಕೇ ಕಷ್ಟ. ಅಂಥದ್ದನ್ನ ದಯವಿಟ್ಟು ‘ಡಾಕ್ಯುಮೆಂಟ್’ ಅಂತ ಅಟ್ಯಾಚ್ ಮಾಡಿ ಕಳಿಸಿ, ಫೈಲ್ ಇದ್ದಂಗೇ ಹೋಗುತ್ತೆ. ಹುಷಾರು, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ರೆ ಎಲ್ಲಿ ತೆಗ್ದಿದ್ದು ಅನ್ನೋ ಮಾಹಿತಿನೂ ಫೈಲ್ ಜೊತೆಗೇ ಹೋಗುತ್ತೆ.