ಇನ್ವರ್ಟರ್ 5 ಕಿಲೋವಾಟ್‌ನಲ್ಲೇ ನಿಂತರೆ ಹಾಳಾಗುತ್ತದಾ?

5 ಕಿಲೋವಾಟ್ ಇನ್ವರ್ಟರ್‌ಗೆ 6 ಕಿಲೋವಾಟ್ ಸೋಲಾರ್ ಪ್ಯಾನೆಲ್ ಹಾಕಿದ್ದೀರಿ. ಬಿಸಿಲೇರಿದಾಗ ಆ್ಯಪ್‌ನ ಉತ್ಪಾದನೆ ತೋರಿಸುವ ಗೆರೆ 5ರಲ್ಲೇ ಚಪ್ಪಟೆಯಾಗುತ್ತದೆ, ಇನ್ವರ್ಟರ್ ಸುಟ್ಟುಹೋಗುತ್ತದಾ ಎಂದು ಕೇಳಿದ್ದೀರಿ. ಹೆದರಬೇಡಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲೂ ಇದೇ ಲೆಕ್ಕ.

ಪ್ಯಾನೆಲ್‌ಗಳು ಕರೆಂಟನ್ನು ಒಳಗೆ ತುರುಕುವುದಿಲ್ಲ. ಇನ್ವರ್ಟರ್ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮಿತಿ ಮುಟ್ಟಿದ ಕೂಡಲೇ ಪ್ಯಾನೆಲ್‌ಗಳ ವೋಲ್ಟೇಜನ್ನು ಸ್ವಲ್ಪ ಮೇಲಕ್ಕೆ ಸರಿಸುತ್ತದೆ, ಕರೆಂಟ್ ಇಳಿಯುತ್ತದೆ. ಒಂದೇ ಎಚ್ಚರ, ಪ್ಯಾನೆಲ್ ಸಾಲಿನ ಒಟ್ಟು ವೋಲ್ಟೇಜ್ ಮಾತ್ರ ಇನ್ವರ್ಟರ್‌ನ ಡಿಸಿ ಮಿತಿಯನ್ನು (ಪ್ಯಾನೆಲ್ ಕಡೆಯಿಂದ ಅದು ತಾಳುವ ಗರಿಷ್ಠ ವೋಲ್ಟೇಜ್) ಎಂದೂ ದಾಟಬಾರದು.

ನಷ್ಟವೂ ಕಡಿಮೆ. 6 ಕಿಲೋವಾಟ್ ಅನ್ನುವುದು ಪ್ಯಾನೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಏಪ್ರಿಲ್‌ನ ಸೆಕೆಗೆ ಅದು 65 ಡಿಗ್ರಿ ಮುಟ್ಟಿತು ಅನ್ನಿ. ಡಿಗ್ರಿಗೆ ಸುಮಾರು ಶೇ. 0.35ರಂತೆ ಶೇ. 14 ಹೋಯಿತು, ಉಳಿದದ್ದು 5.16. ಧೂಳು, ವೈರು ಇನ್ನೂ ಸ್ವಲ್ಪ ತಿನ್ನುತ್ತವೆ. ಹಾಗಾಗಿ ನಮ್ಮಲ್ಲಿ ಗೆರೆ ಚಪ್ಪಟೆಯಾಗುವುದು ಬೇಸಗೆಗಿಂತ ಜಾಸ್ತಿ, ಮಳೆ ಬಿಟ್ಟು ಬಿಸಿಲು ಬಿದ್ದಾಗ. ಪ್ಯಾನೆಲ್ ತಣ್ಣಗಿರುತ್ತದೆ, ಮೋಡದ ಅಂಚಿನ ಬೆಳಕೂ ನೇರ ಬಿಸಿಲಿಗೆ ಸೇರುತ್ತದೆ. ಆಗ 300 ವಾಟ್ ಒಂದು ಗಂಟೆ ಕಟ್ಟಾದರೂ ಹೋಗುವುದು 0.3 ಯೂನಿಟ್. ಬೆಳಗ್ಗೆ, ಸಂಜೆ ಹೆಚ್ಚುವರಿ ಪ್ಯಾನೆಲ್‌ಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ.

ನಿಜವಾಗಿ ನೋಡಬೇಕಾದದ್ದು ಬಿಸಿ. ನಮ್ಮ ಇನ್ವರ್ಟರನ್ನು ಮೊದಲು ಅಡಿಕೆ ಕೊಟ್ಟಿಗೆಯ ಪಡುವಣ ಗೋಡೆಗೆ, ಶೀಟಿನ ಅಡಿಯಲ್ಲಿ ಹಾಕಿದ್ದರು. ಮಧ್ಯಾಹ್ನ 2 ಗಂಟೆಗೆ ಬಿಸಿಲು ಚೆನ್ನಾಗಿದ್ದರೂ ಗೆರೆ 4ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಸುತ್ತಲಿನ ಗಾಳಿ 45 ಡಿಗ್ರಿ ದಾಟಿದರೆ ಎಷ್ಟೋ ಇನ್ವರ್ಟರ್‌ಗಳು ತಾವಾಗಿಯೇ ಉತ್ಪಾದನೆ ಇಳಿಸುತ್ತವೆ. ಪೂರ್ತಿ ಲೋಡಿನಲ್ಲಿ ಒಳಗಿನ ಬಿಸಿಯೂ ಸೇರುತ್ತದಲ್ವಾ? ಬಡಗಣ ಗೋಡೆಗೆ, ಸುತ್ತ ಎರಡು ಗೇಣು ಜಾಗ ಬಿಟ್ಟು ಬದಲಾಯಿಸಿದೆವು. ಹಿಂದಿನ ರೆಕ್ಕೆಗಳಲ್ಲಿ ಕೂತಿದ್ದ ಅಡಿಕೆ ಸಿಪ್ಪೆಯ ಧೂಳು ತೆಗೆದೆವು. ಕುಸಿತ ನಿಂತಿತು.

ಗೆರೆ ಒಮ್ಮೆಲೇ ಸೊನ್ನೆಗೆ ಬಿದ್ದು ಕೆಲವು ನಿಮಿಷದಲ್ಲಿ ಮತ್ತೆ ಏಳುತ್ತಿದ್ದರೆ ಲೈನಿನ ವೋಲ್ಟೇಜ್ ಮೇಲೆ ಸಂಶಯಪಡಿ. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ತೋಟದ ಮನೆಗಳಲ್ಲಿ ಇದು ಜಾಸ್ತಿ. ಇನ್ವರ್ಟರ್ ಹೆಚ್ಚು ಕಳಿಸಿದಷ್ಟೂ ಅಲ್ಲಿ ವೋಲ್ಟೇಜ್ ಏರುತ್ತದೆ, ಮಿತಿ ಮೀರಿದರೆ ಅದು ಲೈನಿನಿಂದ ಕಳಚಿಕೊಳ್ಳುತ್ತದೆ. ಇನ್ವರ್ಟರ್‌ನಿಂದ ಮೀಟರ್‌ಗೆ ದಪ್ಪ ವೈರು ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ. ಬಿದ್ದ ಹೊತ್ತು, ಅದಕ್ಕೆ ಮೊದಲು ಆ್ಯಪ್‌ನಲ್ಲಿ ಕಂಡ ವೋಲ್ಟೇಜ್, ಎರಡನ್ನೂ ನಾಲ್ಕು ದಿನ ಬರೆದಿಟ್ಟುಕೊಳ್ಳಿ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಚೇರಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.